ಮನೆಯಲ್ಲೇ ಬ್ಯಾಟರಿ ಚಾರ್ಜು ಮಾಡುವ ಬಗೆ, ಅದರ ಆರೈಕೆ



ರೋಹಿಣಿ ಮಳೆ ಬಿದ್ದು ಎರಡು ದಿನವಾಗಿದೆ, ಹೊಲ ಹದಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ನಸುಕಿನಲ್ಲೇ ಎದ್ದು ಟ್ರ್ಯಾಕ್ಟರ್ ಹತ್ತಿ ಕೀಲಿ ತಿರುಗಿಸುತ್ತೀರಿ. 'ಕಟ್' ಅಂತ ಒಂದು ಸದ್ದು ಬಂತು, ಅಷ್ಟೆ. ಇನ್ನೊಂದು ಸಲ ತಿರುಗಿಸಿದರೆ ಆ ಸದ್ದೂ ಇಲ್ಲ. ನಾಲ್ಕು ಜನರನ್ನು ಕರೆದು ತಳ್ಳಿಸಿದ್ದಾಯಿತು, ಇಳಿಜಾರಿಗೆ ಬಿಟ್ಟು ನೋಡಿದ್ದಾಯಿತು. ಕೊನೆಗೆ ಬ್ಯಾಟರಿ ಬಿಚ್ಚಿ, ಬೈಕಿನ ಹಿಂದೆ ಇಟ್ಟುಕೊಂಡು ಪೇಟೆಗೆ ಹೊರಡುತ್ತೀರಿ. ಅಲ್ಲಿ ನಾಲ್ಕು ಬ್ಯಾಟರಿ ನಿಮಗಿಂತ ಮೊದಲೇ ಸಾಲಿನಲ್ಲಿ ಕೂತಿವೆ. 'ನಾಳೆ ಸಂಜೆಗೆ ಬನ್ನಿ' ಎನ್ನುತ್ತಾರೆ. ನಾಳೆ ಸಂಜೆಯವರೆಗೆ ಹದ ಕಾಯುತ್ತದೆಯೇ? ಬಿಸಿಲು ಬಿದ್ದರೆ ಮಣ್ಣು ಒಣಗುತ್ತದೆ, ಮತ್ತೆ ಮಳೆ ಬಂದರೆ ಕೆಸರಾಗುತ್ತದೆ. ಹೀಗೆ ಒಂದು ಬ್ಯಾಟರಿಯಿಂದ ಬಿತ್ತನೆಯೇ ತಪ್ಪಿಹೋಗುವುದುಂಟು.

ಇದರಲ್ಲಿ ಬೇಸರದ ಸಂಗತಿ ಏನೆಂದರೆ, ಹೀಗೆ ಕೈಕೊಟ್ಟ ಬ್ಯಾಟರಿಗಳಲ್ಲಿ ಎಷ್ಟೋ ತಮ್ಮ ಆಯಸ್ಸು ಮುಗಿದು ಸತ್ತವಲ್ಲ. ಆರೈಕೆ ಇಲ್ಲದೆ ಸತ್ತವು. ಎತ್ತಿಗೆ ಬೇಸಿಗೆಯಲ್ಲಿ ಮೇವು ನೀರು ಹಾಕದೆ ಮುಂಗಾರಿಗೆ ನೊಗ ಹೂಡಿದರೆ ಅದು ಎಳೆದೀತೇ? ಬ್ಯಾಟರಿಯ ಸಂಗತಿಯೂ ಅಷ್ಟೇ. ಅದಕ್ಕೆ ಬೇಕಾದ ಮೇವು ಕರೆಂಟು, ಬೇಕಾದ ನೀರು ಶುದ್ಧವಾದ ಬ್ಯಾಟರಿ ನೀರು. ಇವೆರಡನ್ನೂ ಮನೆಯಲ್ಲೇ ಕೊಡುವುದು ಹೇಗೆ ಎಂಬುದನ್ನು ಇಂದು ನೋಡೋಣ. ಟ್ರ್ಯಾಕ್ಟರಿಗೆ ಹೇಳಿದ್ದು ಕಾರಿಗೂ ಜೀಪಿಗೂ ಹೊಂದುತ್ತದೆ.

ಪೆಟ್ಟಿಗೆಯ ಒಳಗೆ ಏನಿದೆ?

ಬ್ಯಾಟರಿಯ ಮೇಲೆ ಸಾಲಾಗಿ ಆರು ಮುಚ್ಚಳಗಳಿರುವುದನ್ನು ನೀವು ನೋಡಿದ್ದೀರಿ. ಒಳಗೆ ಆರು ಕೋಣೆಗಳಿವೆ. ಒಂದೊಂದು ಕೋಣೆ ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚು ಕೊಡುತ್ತದೆ. ಆರೂ ಸೇರಿ 12 ವೋಲ್ಟು. ಪ್ರತಿ ಕೋಣೆಯಲ್ಲೂ ಸೀಸದ ಪ್ಲೇಟುಗಳಿವೆ, ಅವು ಮುಳುಗುವಷ್ಟು ನೀರು ಬೆರೆಸಿದ ಗಂಧಕಾಮ್ಲ, ಅಂದರೆ ಆಸಿಡ್, ಇದೆ. ಈ ಬಗೆಯ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿ ಮೊದಲು ಮಾಡಿದ. ಅಂದಿನಿಂದ ಇಂದಿನವರೆಗೆ ಮೂಲ ತತ್ವ ಅದೇ.

ನೀವು ಕೀಲಿ ತಿರುಗಿಸಿದಾಗ ಆಸಿಡ್ಡಿನ ಸಾರ ಪ್ಲೇಟುಗಳಿಗೆ ಹತ್ತಿ, ಅಲ್ಲಿ ಸೀಸದ ಸಲ್ಫೇಟು ಎಂಬ ಬಿಳಿಯ ಪದರ ಕೂರುತ್ತದೆ. ಆಸಿಡ್ ಅಷ್ಟಕ್ಕಷ್ಟು ನೀರಾಗುತ್ತದೆ. ಚಾರ್ಜು ಮಾಡಿದಾಗ ಇದು ತಿರುಗುಮುರುಗಾಗಿ ನಡೆಯುತ್ತದೆ: ಪದರ ಕರಗಿ ಮತ್ತೆ ಆಸಿಡ್ಡಿಗೆ ಸೇರುತ್ತದೆ, ಆಸಿಡ್ ಗಟ್ಟಿಯಾಗುತ್ತದೆ.

ಈಗ ಮುಖ್ಯವಾದ ಮಾತು. ಗದ್ದೆಯಿಂದ ಬಂದ ಕೂಡಲೇ ಗುದ್ದಲಿಗೆ ಹತ್ತಿದ ಹಸಿ ಮಣ್ಣನ್ನು ತೊಳೆದರೆ ಸಲೀಸಾಗಿ ಹೋಗುತ್ತದೆ. ಹಾಗೇ ಮೂಲೆಯಲ್ಲಿಟ್ಟು ಹದಿನೈದು ದಿನ ಬಿಟ್ಟು ನೋಡಿ, ಕಲ್ಲಿನ ಹಾಗೆ ಕಚ್ಚಿಕೊಂಡಿರುತ್ತದೆ. ಪ್ಲೇಟಿನ ಮೇಲಿನ ಬಿಳಿ ಪದರವೂ ಹೀಗೆಯೇ. ಬ್ಯಾಟರಿ ಇಳಿದ ಕೂಡಲೇ ಚಾರ್ಜು ಕೊಟ್ಟರೆ ಕರಗಿಹೋಗುತ್ತದೆ. ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿಕಟ್ಟುತ್ತದೆ. ಆಮೇಲೆ ಎಷ್ಟು ಕರೆಂಟು ಕೊಟ್ಟರೂ ಪೂರ್ತಿ ಬಿಡುವುದಿಲ್ಲ. ಆದ್ದರಿಂದ ಈ ಒಂದು ಮಾತನ್ನು ಮರೆಯಬೇಡಿ: ಇಳಿದ ಬ್ಯಾಟರಿಯನ್ನು ಇಳಿದ ಹಾಗೇ ಇಡಬಾರದು.

ಇನ್ನೊಂದು ಸಂಗತಿ. ಬ್ಯಾಟರಿ ಸುಮ್ಮನೆ ಕೂತರೂ ತನ್ನಷ್ಟಕ್ಕೆ ತಾನೇ ಇಳಿಯುತ್ತಾ ಬರುತ್ತದೆ. ಬಿಸಿಲು ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಸುಗ್ಗಿ ಮುಗಿಸಿ ಟ್ರ್ಯಾಕ್ಟರನ್ನು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ, ಮುಂಗಾರಿಗೆ ಮತ್ತೆ ಮುಟ್ಟುವವರ ಬ್ಯಾಟರಿ ಏಕೆ ಸಾಯುತ್ತದೆ ಎಂಬುದು ಈಗ ತಿಳಿಯಿತಲ್ಲ?

ಚಾರ್ಜು ಎಷ್ಟಿದೆ ಎಂದು ತಿಳಿಯುವುದು

ಹಾರನ್ನು ಕೂಗಿತು, ದೀಪ ಹತ್ತಿತು, ಆದ್ದರಿಂದ ಬ್ಯಾಟರಿ ಚೆನ್ನಾಗಿದೆ ಎಂದುಕೊಳ್ಳಬೇಡಿ. ದೀಪಕ್ಕೆ ಬೇಕಾದ ಕರೆಂಟು ನಾಲ್ಕಾರು ಆಂಪಿಯರ್. ಎಂಜಿನ್ನು ತಿರುಗಿಸುವ ಸೆಲ್ಫಿಗೆ ಬೇಕಾದದ್ದು ನೂರಾರು ಆಂಪಿಯರ್. ಹಿಡಿ ಕಾಳು ಕೊಡಬಲ್ಲ ಕಣಜ ಗಾಡಿ ತುಂಬ ಕೊಡಲಾರದು.

ಸರಿಯಾಗಿ ತಿಳಿಯಲು ಎರಡು ಸಾಧನಗಳಿವೆ. ಒಂದು ಮಲ್ಟಿಮೀಟರು. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಗಾಡಿ ಓಡಿಸಿ ನಾಲ್ಕೈದು ಗಂಟೆ ಬಿಟ್ಟು, ಬೇಕಾದರೆ ಬೆಳಗ್ಗೆ ಎದ್ದ ಮೇಲೆ, ಎರಡು ಕಂಬಕ್ಕೂ ಮುಟ್ಟಿಸಿ ನೋಡಿ. 12.6 ವೋಲ್ಟು ಅಥವಾ ಹೆಚ್ಚಿದ್ದರೆ ತುಂಬಿದೆ. 12.4 ಇದ್ದರೆ ಮುಕ್ಕಾಲು. 12.2 ಇದ್ದರೆ ಅರ್ಧ. 12ಕ್ಕೆ ಇಳಿದರೆ ಕಾಲು ಭಾಗ ಮಾತ್ರ ಉಳಿದಿದೆ. 12.4ಕ್ಕಿಂತ ಕೆಳಗೆ ಬಂದರೆ ತಡಮಾಡದೆ ಚಾರ್ಜಿಗೆ ಹಾಕಿ.

ಇನ್ನೊಂದು ಹೈಡ್ರೋಮೀಟರು. ಗಾಜಿನ ಕೊಳವೆ, ತುದಿಗೆ ರಬ್ಬರಿನ ಬುಗ್ಗೆ, ಒಳಗೆ ತೇಲುವ ಬುರುಡೆ. ಮುಚ್ಚಳ ತೆಗೆದು ಆಸಿಡ್ಡನ್ನು ಸ್ವಲ್ಪ ಎಳೆದರೆ, ಬುರುಡೆ ಎಷ್ಟು ಮೇಲೆ ತೇಲುತ್ತದೆ ಎಂಬುದರಿಂದ ಆಸಿಡ್ಡಿನ ಗಟ್ಟಿತನ ಗೊತ್ತಾಗುತ್ತದೆ. ತುಂಬಿದ ಬ್ಯಾಟರಿಯಲ್ಲಿ ಇದು ಕಂಪನಿಗೆ ತಕ್ಕಂತೆ 1.240ರಿಂದ 1.280ರವರೆಗೆ ಇರುತ್ತದೆ. ಮೆಕ್ಯಾನಿಕ್ಕುಗಳು ಚುಕ್ಕೆ ಬಿಟ್ಟು '1240', '1280' ಎನ್ನುತ್ತಾರೆ. 1200ರ ಸುತ್ತ ಇದ್ದರೆ ಅರ್ಧದಷ್ಟು ಇಳಿದಿದೆ. 1150ಕ್ಕಿಂತ ಕೆಳಗಿದ್ದರೆ ಬರಿದಾಗಿದೆ ಎಂದೇ ತಿಳಿಯಿರಿ. ಆರೂ ಕೋಣೆಗಳನ್ನು ನೋಡಬೇಕು. ಐದು ಕೋಣೆ ಒಂದೇ ಸಮ ಇದ್ದು, ಒಂದು ಮಾತ್ರ 50 ಅಂಕಕ್ಕಿಂತ ಹೆಚ್ಚು ಕೆಳಗಿದ್ದು, ಚಾರ್ಜು ಮಾಡಿದ ಮೇಲೂ ಹಾಗೇ ಇದ್ದರೆ ಆ ಕೋಣೆ ಕೆಟ್ಟಿದೆ. ಅಂಥ ಬ್ಯಾಟರಿಗೆ ಮತ್ತೆ ಮತ್ತೆ ಚಾರ್ಜಿಂಗಿಗೆ ದುಡ್ಡು ಸುರಿಯುವುದು ದಂಡ.

ನೀರು ಹಾಕುವ ಕ್ರಮ

ಚಾರ್ಜಾಗುವಾಗ ಬ್ಯಾಟರಿಯಲ್ಲಿ ನೀರು ಒಡೆದು ಗಾಳಿಯಾಗಿ ಹೋಗುತ್ತದೆ. ಆಸಿಡ್ ಹೋಗುವುದಿಲ್ಲ, ಒಳಗೇ ಉಳಿಯುತ್ತದೆ. ಆದ್ದರಿಂದ ಮಟ್ಟ ಇಳಿದಾಗ ಹಾಕಬೇಕಾದದ್ದು ನೀರು; ಆಸಿಡ್ ಅಲ್ಲ. 'ಸ್ವಲ್ಪ ಆಸಿಡ್ ಹಾಕಿದರೆ ಜೋರು ಬರುತ್ತದೆ' ಎಂಬ ಮಾತನ್ನು ಕೇಳಬೇಡಿ. ಒಂದೆರಡು ದಿನ ಜೋರು ಬಂದ ಹಾಗೆ ಕಂಡರೂ ಪ್ಲೇಟು ತಿಂದುಹೋಗುತ್ತದೆ. ಆಸಿಡ್ ಚೆಲ್ಲಿಹೋಗಿದ್ದರೆ ಮಾತ್ರ ಬೇರೆ ಮಾತು. ಅದನ್ನು ಬ್ಯಾಟರಿ ಅಂಗಡಿಯವರಿಂದಲೇ ಮಾಡಿಸಿ.

ಯಾವ ನೀರು? ಬಟ್ಟಿ ಇಳಿಸಿದ ನೀರು, ಅಂದರೆ ಡಿಸ್ಟಿಲ್ಡ್ ವಾಟರ್. ಪೆಟ್ರೋಲ್ ಬಂಕಿನಲ್ಲಿ, ಬಿಡಿಭಾಗದ ಅಂಗಡಿಯಲ್ಲಿ ಬ್ಯಾಟರಿ ನೀರು ಎಂದೇ ಸಿಗುತ್ತದೆ. ಬೋರಿನ ನೀರು, ಬಾವಿ ನೀರು, ನಲ್ಲಿ ನೀರು ಬೇಡ. ಅವುಗಳಲ್ಲಿ ಉಪ್ಪು, ಸುಣ್ಣ, ಕಬ್ಬಿಣದ ಅಂಶ ಇರುತ್ತದೆ. ಪ್ಲೇಟಿಗೆ ಅದು ವಿಷ. 'ನಮ್ಮೂರ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುತ್ತೇವಲ್ಲ, ಅದು ಆಗದೇ?' ಎಂದು ನೀವು ಕೇಳಬಹುದು. ಅದು ಕುಡಿಯಲು ಒಳ್ಳೆಯದು. ಆದರೆ ಅದರಲ್ಲೂ ಕೊಂಚ ಲವಣ ಉಳಿದಿರುತ್ತದೆ. ಬ್ಯಾಟರಿಗೆ ಬೇಡ. ತಗಡಿನ ಮಾಡಿನಿಂದ ಹಿಡಿದ ಮಳೆನೀರೂ ಬೇಡ.

ಎಷ್ಟು ಹಾಕಬೇಕು? ಪ್ಲೇಟು ಮುಳುಗಿ ಅದರ ಮೇಲೆ ಒಂದು ಸೆಂಟಿಮೀಟರಿನಷ್ಟು, ಹೆಚ್ಚುಕಡಮೆ ಕಿರುಬೆರಳಿನ ದಪ್ಪ, ನಿಂತರೆ ಸಾಕು. ಪೆಟ್ಟಿಗೆಯ ಮೇಲೆ ಗೆರೆ ಇದ್ದರೆ ಆ ಗೆರೆಯವರೆಗೆ. ಕಂಠಮಟ್ಟ ತುಂಬಿಸಿದರೆ ಚಾರ್ಜಾಗುವಾಗ ಉಕ್ಕಿ ಆಸಿಡ್ ಹೊರಕ್ಕೆ ಬಂದು ಕಬ್ಬಿಣವನ್ನೆಲ್ಲ ತಿನ್ನುತ್ತದೆ. ಈ ಕಾರಣಕ್ಕೇ ನೀರನ್ನು ಚಾರ್ಜಾದ ಮೇಲೆ ಮಟ್ಟಕ್ಕೆ ತರಬೇಕು. ಚಾರ್ಜಿಗೆ ಮೊದಲೇ ಪ್ಲೇಟು ಬರಿದಾಗಿ ಕಾಣುತ್ತಿದ್ದರೆ, ಮುಳುಗುವಷ್ಟು ಮಾತ್ರ ಹಾಕಿ ಚಾರ್ಜಿಗೆ ಇಡಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡುವುದು ರೂಢಿಯಾಗಲಿ. ಮುಚ್ಚಳವೇ ಇಲ್ಲದ ಸೀಲ್ ಮಾಡಿದ ಬ್ಯಾಟರಿಗೆ ನೀರು ಹಾಕುವ ಗೊಡವೆ ಇಲ್ಲ. ಅದನ್ನು ಕಿತ್ತು ತೆಗೆಯಲೂ ಹೋಗಬೇಡಿ.

ಚಾರ್ಜು ಮಾಡುವ ಕ್ರಮ

ಮೊದಲು ಚಾರ್ಜರಿನ ಮಾತು. ಕಂಪನಿಯವರು ಮಾಡಿದ, ತಾನೇ ಕರೆಂಟು ಕಡಿಮೆಮಾಡಿಕೊಂಡು ನಿಲ್ಲುವ 12 ವೋಲ್ಟಿನ ಚಾರ್ಜರು ಕೊಳ್ಳಿ. ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಸಾಕು. ಕೆಲವರು ಮನೆಯ ಲೈನಿನಿಂದಲೇ ಒಂದು ಡಯೋಡು, ಒಂದು ಬಲ್ಬು ಕಟ್ಟಿ ನೇರವಾಗಿ ಬ್ಯಾಟರಿಗೆ ಕೊಡುವುದುಂಟು. ಇದು ಯಮನನ್ನು ಮನೆಗೆ ಕರೆದ ಹಾಗೆ. ಆಗ ಬ್ಯಾಟರಿಯ ಕಂಬದಲ್ಲೇ 230 ವೋಲ್ಟಿನ ಲೈನು ನಿಂತಿರುತ್ತದೆ. ಮುಟ್ಟಿದವರು, ಮಕ್ಕಳೋ ದೊಡ್ಡವರೋ, ಉಳಿಯುವುದು ಕಷ್ಟ. ದಯವಿಟ್ಟು ಯಾರೂ ಮಾಡಬೇಡಿ. ಮಾಡುವವರನ್ನು ಕಂಡರೆ ಬಿಡಿಸಿ.

ಎಷ್ಟು ಕರೆಂಟು ಕೊಡಬೇಕು? ಬ್ಯಾಟರಿಯ ಮೇಲೆ 35 ಎ.ಎಚ್., 80 ಎ.ಎಚ್. ಎಂದು ಬರೆದಿರುತ್ತದೆ. ಅದರ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. 80ರ ಟ್ರ್ಯಾಕ್ಟರ್ ಬ್ಯಾಟರಿಗೆ 8 ಆಂಪಿಯರ್, 35ರ ಕಾರಿನ ಬ್ಯಾಟರಿಗೆ ಮೂರೂವರೆ. ಬೈಕಿನ ಪುಟ್ಟ ಬ್ಯಾಟರಿಗೆ ಟ್ರ್ಯಾಕ್ಟರಿನ ಚಾರ್ಜರು ಹಾಕಿದರೆ ಸುಟ್ಟುಹೋಗುತ್ತದೆ. ಲೆಕ್ಕ ನೋಡಿ: 80ರ ಬ್ಯಾಟರಿ ಅರ್ಧ ಇಳಿದಿದ್ದರೆ 40 ತುಂಬಬೇಕು, ದಾರಿಯಲ್ಲಿ ಸೋರುವುದೂ ಸೇರಿ 48 ಎನ್ನಿ. 8 ಆಂಪಿಯರಿನಲ್ಲಿ ಕೊಟ್ಟರೆ ಆರು ಗಂಟೆ, 4ರಲ್ಲಿ ಕೊಟ್ಟರೆ ಹನ್ನೆರಡು ಗಂಟೆ. ತುಂಬುತ್ತಾ ಬಂದ ಹಾಗೆ ಕರೆಂಟು ತಾನೇ ಇಳಿಯುವುದರಿಂದ ಇನ್ನೂ ಒಂದೆರಡು ಗಂಟೆ ಹೆಚ್ಚು ಹಿಡಿಯಬಹುದು. ಅವಸರ ಇಲ್ಲದಿದ್ದರೆ ನಿಧಾನವೇ ಲೇಸು. ಒಣಗಿದ ನೆಲಕ್ಕೆ ಒಂದೇ ಸಲ ಹೊಳೆ ತಿರುಗಿಸಿದರೆ ನೀರು ಹರಿದುಹೋಗುತ್ತದೆ, ಇಂಗುವುದಿಲ್ಲ.

ಇನ್ನು ಕೆಲಸದ ಸಾಲು ಹೀಗಿರಲಿ.

ಒಂದು: ಗಾಡಿಯ ಕೀಲಿ ತೆಗೆದಿಡಿ. ಕೈಯ ಉಂಗುರ, ಕಡಗ, ವಾಚು ಬಿಚ್ಚಿಡಿ.

ಎರಡು: ಮೊದಲು ಮೈನಸ್ ಕಂಬದ ವೈರು ಬಿಚ್ಚಿ, ಆಮೇಲೆ ಪ್ಲಸ್. ಏಕೆಂದರೆ ಈಗಿನ ಗಾಡಿಗಳಲ್ಲಿ ಮೈನಸ್ ಗಾಡಿಯ ಮೈಗೆ ಸೇರಿರುತ್ತದೆ. ಅದು ಕಳಚಿದ ಮೇಲೆ ಸ್ಪ್ಯಾನರು ಗಾಡಿಯ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಮತ್ತೆ ಜೋಡಿಸುವಾಗ ಇದರ ತಿರುಗುಮುರುಗು: ಮೊದಲು ಪ್ಲಸ್, ಕೊನೆಗೆ ಮೈನಸ್.

ಮೂರು: ಬ್ಯಾಟರಿಯನ್ನು ಗಾಳಿಯಾಡುವ ಜಾಗಕ್ಕೆ ತನ್ನಿ. ಜಗಲಿ, ಶೆಡ್ಡಿನ ಬಾಗಿಲ ಬಳಿ ಆಗಬಹುದು. ಅಡುಗೆಮನೆ, ದನದ ಕೊಟ್ಟಿಗೆ, ಮೇವಿನ ಬಣವೆಯ ಪಕ್ಕ, ಮಲಗುವ ಕೋಣೆ ಆಗದು. 80ರ ಬ್ಯಾಟರಿ 20 ಕೆ.ಜಿ.ಯಷ್ಟು ತೂಗುತ್ತದೆ, ಓರೆಮಾಡದೆ ಎತ್ತಿ.

ನಾಲ್ಕು: ಮೇಲಿನ ಧೂಳು, ಕೊಳೆ ಒರೆಸಿ. ಮುಚ್ಚಳದ ಸಣ್ಣ ತೂತು ಕಟ್ಟಿದ್ದರೆ ಬಿಡಿಸಿ; ಒಳಗಿನ ಗಾಳಿ ಹೊರಗೆ ಹೋಗಲೇಬೇಕು.

ಐದು: ಚಾರ್ಜರಿನ ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಹಾಕಿ. ಇದಾದ ಮೇಲೆಯೇ ಸ್ವಿಚ್ ಒತ್ತಿ. ತೆಗೆಯುವಾಗ ಮೊದಲು ಸ್ವಿಚ್ ಆರಿಸಿ, ಆಮೇಲೆ ಕ್ಲಿಪ್ಪು. ಈ ಕ್ರಮ ತಪ್ಪಿದರೆ ಕಿಡಿ ಹಾರುತ್ತದೆ.

ಆರು: ನಡುನಡುವೆ ಬಂದು ಪೆಟ್ಟಿಗೆಯ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ, ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಸ್ವಿಚ್ ಆರಿಸಿ ದೂರ ಸರಿಯಿರಿ. ಒಳಗೆ ಏನೋ ಕೆಟ್ಟಿದೆ, ಬಲ್ಲವರಿಗೆ ತೋರಿಸಿ.

ತುಂಬಿತೆಂದು ಹೇಗೆ ತಿಳಿಯುವುದು? ತಾನೇ ನಿಲ್ಲುವ ಚಾರ್ಜರಾದರೆ ಅದರ ದೀಪವೇ ಹೇಳುತ್ತದೆ. ಹಳೆಯ ಬಗೆಯದಾದರೆ, ಆರೂ ಕೋಣೆಗಳಲ್ಲಿ ಒಂದೇ ಸಮ ಗುಳ್ಳೆ ಏಳುತ್ತಿರಬೇಕು. ಗಂಟೆಗೊಮ್ಮೆಯಂತೆ ಮೂರು ಸಲ ನೋಡಿದರೂ ಹೈಡ್ರೋಮೀಟರಿನ ಅಂಕ ಏರದೆ ಇದ್ದಲ್ಲೇ ನಿಂತರೆ ತುಂಬಿದೆ. ಅದಾದ ಮೇಲೂ ರಾತ್ರಿಯೆಲ್ಲ ಬಿಟ್ಟರೆ ನೀರು ಬತ್ತಿ ಪ್ಲೇಟು ಉದುರುತ್ತದೆ. ಅತಿಯಾದರೆ ಅಮೃತವೂ ವಿಷ.

ಕಣ್ಣಿನ ಜೋಪಾನ

ಇದನ್ನು ತಾಯಂದಿರೂ ಕೇಳಬೇಕು. ಚಾರ್ಜಾಗುವಾಗ ಬ್ಯಾಟರಿಯಿಂದ ಹೊರಡುವ ಗಾಳಿಯಲ್ಲಿ ಜಲಜನಕ ಇರುತ್ತದೆ. ನೂರು ಪಾಲು ಗಾಳಿಗೆ ನಾಲ್ಕು ಪಾಲು ಇದು ಬೆರೆತರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಕತ್ತಲಲ್ಲಿ ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರುವುದು, ಬಾಯಲ್ಲಿ ಬೀಡಿ ಇಟ್ಟುಕೊಂಡು ಬಗ್ಗಿ ನೋಡುವುದು, ಇವು ಕಣ್ಣು ಕಳೆದುಕೊಳ್ಳುವ ದಾರಿಗಳು. ಬ್ಯಾಟರಿ ಸಿಡಿದರೆ ಪ್ಲಾಸ್ಟಿಕ್ಕಿನ ಚೂರೂ ಆಸಿಡ್ಡೂ ಒಟ್ಟಿಗೆ ಮುಖಕ್ಕೆ ಬಡಿಯುತ್ತವೆ. ಬೆಳಕು ಬೇಕಾದರೆ ಮೊದಲೇ ಹಚ್ಚಿಕೊಂಡ ಟಾರ್ಚು ತನ್ನಿ. ದೇವರ ದೀಪ ಉರಿಯುವ ಕೋಣೆಯಲ್ಲೂ ಚಾರ್ಜಿಗೆ ಇಡಬೇಡಿ. ಕೆಲಸ ಮುಗಿಯುವವರೆಗೆ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗ್ಲೌಸು ಇರಲಿ. ಪಕ್ಕದಲ್ಲಿ ಒಂದು ಬಕೆಟ್ ಒಳ್ಳೆಯ ನೀರು ಇಟ್ಟುಕೊಂಡೇ ಕೂರಿ.

ಆಸಿಡ್ ಮೈಗೆ ತಾಗಿದರೆ ಬಟ್ಟೆ ಕಳಚಿ, ಧಾರಾಳವಾಗಿ ನೀರು ಸುರಿಯಿರಿ. ಕಣ್ಣಿಗೆ ಸಿಡಿದರೆ ಒಂದು ಕ್ಷಣವೂ ಕಾಯಬೇಡಿ. ಒಬ್ಬರು ರೆಪ್ಪೆ ಬಿಡಿಸಿ ಹಿಡಿಯಲಿ, ಇನ್ನೊಬ್ಬರು ಮೆಲ್ಲಗೆ ನೀರು ಹುಯ್ಯುತ್ತಿರಲಿ. 20 ನಿಮಿಷ ಬಿಡದೆ ಹುಯ್ಯಬೇಕು. ಹಾಲು, ಎಣ್ಣೆ, ಸೋಡ, ಸುಣ್ಣ ಯಾವುದೂ ಕಣ್ಣಿಗೆ ಬೇಡ. ಆಮೇಲೆ 108ಕ್ಕೆ ಕರೆಮಾಡಿಯೋ, ಸಿಕ್ಕ ಗಾಡಿಯಲ್ಲೋ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲು ನೀರು, ಆಮೇಲೆ ಆಸ್ಪತ್ರೆ. ಈ ಕ್ರಮ ಮನೆಯ ಮಕ್ಕಳಿಗೂ ಗೊತ್ತಿರಲಿ.

ಕಂಬದ ಬಿಳಿ ಬೂಷ್ಟು

ಎಷ್ಟೋ ಸಲ ಬ್ಯಾಟರಿ ಗಟ್ಟಿಯಾಗಿಯೇ ಇರುತ್ತದೆ; ಕಂಬಕ್ಕೆ ಬಿಳಿ, ಹಸಿರು ಬೂಷ್ಟು ಹಿಡಿದು ಕರೆಂಟು ದಾಟದೆ ಗಾಡಿ ನಿಲ್ಲುತ್ತದೆ. ಹೊಸ ಬ್ಯಾಟರಿಗೆ ದುಡ್ಡು ಹೊಂದಿಸುವ ಮೊದಲು ಇದನ್ನು ನೋಡಿ. ವೈರು ಬಿಚ್ಚಿ, ಎರಡು ಚಮಚ ಅಡುಗೆ ಸೋಡವನ್ನು ಒಂದು ಲೋಟ ಬಿಸಿನೀರಿನಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಂಬಕ್ಕೂ ಕ್ಲಿಪ್ಪಿಗೂ ಹಚ್ಚಿ. ಬುರುಬುರು ನೊರೆ ಎದ್ದು ಬೂಷ್ಟು ಬಿಡುತ್ತದೆ. ಮುಚ್ಚಳಗಳು ಭದ್ರವಾಗಿರಲಿ, ಸೋಡ ನೀರು ಒಳಗೆ ಹೋದರೆ ಆಸಿಡ್ ಕೆಡುತ್ತದೆ. ಬರೀ ನೀರಿನಲ್ಲಿ ತೊಳೆದು ಒರೆಸಿ, ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಜೋಡಿಸಿ. ಜೋಡಿಸಿದ ಮೇಲೆ ಹೊರಗಿನಿಂದ ವ್ಯಾಸಲೀನು ಸವರಿ. ಸುತ್ತಿಗೆಯಿಂದ ಹೊಡೆದು ಬಿಗಿಮಾಡಬೇಡಿ. ಕಂಬ ಸಡಿಲಾದರೆ ಬ್ಯಾಟರಿಯೇ ಹೋಯಿತು. ಬ್ಯಾಟರಿ ಕೂತಿರುವ ತಟ್ಟೆಯ ಪಟ್ಟಿಯನ್ನೂ ಬಿಗಿಮಾಡಿ. ಉಳುವಾಗಿನ ಕುಲುಕಿಗೆ ಪ್ಲೇಟು ಉದುರುತ್ತದೆ.

ಅವಸರಕ್ಕೆ ಪಕ್ಕದವರ ಬ್ಯಾಟರಿ

ಪಕ್ಕದ ಹೊಲದವರ ಟ್ರ್ಯಾಕ್ಟರಿನಿಂದ ಕರೆಂಟು ಪಡೆದು ಚಾಲೂ ಮಾಡುವುದಾದರೆ, ಎರಡೂ 12 ವೋಲ್ಟಿನವೇ ಎಂದು ನೋಡಿ. ಲಾರಿಗಳಲ್ಲಿ 24 ವೋಲ್ಟು ಇರುವುದುಂಟು, ಅದು ಬೇಡ. ದಪ್ಪ ವೈರು ಬೇಕು. ಕೆಂಪು ವೈರು: ಮೊದಲು ಇಳಿದ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೆಯದರ ಪ್ಲಸ್ಸಿಗೆ. ಕಪ್ಪು ವೈರು: ಮೊದಲು ಒಳ್ಳೆಯದರ ಮೈನಸ್ಸಿಗೆ, ಕೊನೆಯ ತುದಿ ನಿಂತಿರುವ ಟ್ರ್ಯಾಕ್ಟರಿನ ಎಂಜಿನ್ನಿನ ಬರಿ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಹಾರುವ ಕಿಡಿ ಬ್ಯಾಟರಿಯ ಬಳಿ ಹಾರದಿರಲಿ ಎಂದು ಹೀಗೆ. ತೆಗೆಯುವಾಗ ಹಾಕಿದ್ದರ ತಿರುಗುಮುರುಗು. ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. ಒಂದು ನಿಮಿಷ ಬಿಟ್ಟು ಮತ್ತೆ ಒತ್ತಿ.

ಚಾಲೂ ಆದ ಮೇಲೆ ಮಲ್ಟಿಮೀಟರು ಹಿಡಿದು ನೋಡಿ. ಎಂಜಿನ್ನು ಓಡುವಾಗ 13.8ರಿಂದ 14.4ರ ಸುತ್ತ ಇರಬೇಕು. 13ನ್ನೂ ಮುಟ್ಟದಿದ್ದರೆ ಬೆಲ್ಟು ಸಡಿಲವಾಗಿದೆ, ಇಲ್ಲವೇ ಆಲ್ಟರ್ನೇಟರು ಕೆಟ್ಟಿದೆ. 15 ದಾಟಿದರೆ ಕರೆಂಟು ಅತಿಯಾಗಿ ಬ್ಯಾಟರಿ ಕುದಿಯುತ್ತದೆ. ಆಗ ತಪ್ಪು ಗಾಡಿಯದು, ಬ್ಯಾಟರಿಯದಲ್ಲ. ಪೂರ್ತಿ ಇಳಿದ ಬ್ಯಾಟರಿಯನ್ನು ಆಲ್ಟರ್ನೇಟರೇ ತುಂಬಿಸಲಿ ಎಂದು ಬಿಡಬೇಡಿ. ಅದಕ್ಕೆ ಹೊರೆ ಹೆಚ್ಚಾಗುತ್ತದೆ. ಚಾರ್ಜರಿನಲ್ಲಿ ತುಂಬಿಸಿ.

ಟ್ರ್ಯಾಕ್ಟರಿಗೆ ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ, ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಮೈನಸ್ ವೈರು ಕಳಚಿ, ನೆರಳಿನಲ್ಲಿಡಿ. ತಿಂಗಳಿಗೊಮ್ಮೆ ವೋಲ್ಟು ನೋಡಿ ಚಾರ್ಜು ಕೊಡಿ. ಪಂಚಾಂಗದಲ್ಲಿ ಅಮಾವಾಸ್ಯೆಯ ದಿನವನ್ನೇ ಇದಕ್ಕೆ ಗುರುತುಮಾಡಿಕೊಂಡರೆ ಮರೆಯುವುದಿಲ್ಲ. ನೆಲದ ಮೇಲಿಟ್ಟರೆ ಚಾರ್ಜು ಇಳಿಯುತ್ತದೆ ಎಂಬ ಮಾತಿದೆ. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ. ಮಕ್ಕಳ ಕೈಗೆ ಎಟುಕದಿರಲಿ, ಅಷ್ಟೆ.

ಹಳೆಯ ಬ್ಯಾಟರಿ

ಕೊನೆಗೆ, ನಿಜವಾಗಿಯೂ ಸತ್ತ ಬ್ಯಾಟರಿಯ ಮಾತು. ಅದನ್ನು ಹಿತ್ತಲಲ್ಲಿ ಒಡೆದು ಸೀಸ ಕರಗಿಸಬೇಡಿ. ಆಸಿಡ್ಡನ್ನು ಚರಂಡಿಗೋ ಬಾವಿಯ ಬದಿಗೋ ಚೆಲ್ಲಬೇಡಿ. ಸೀಸದ ಹೊಗೆ, ಧೂಳು ಮಕ್ಕಳ ಮೈಗೆ ಸೇರಿದರೆ ಬುದ್ಧಿ ಬೆಳೆಯುವುದಕ್ಕೇ ಕುಂದು. ಆ ಕುಂದು ಮತ್ತೆ ತುಂಬುವುದಿಲ್ಲ. ಹಳೆಯ ಬ್ಯಾಟರಿಗಳನ್ನು ಸರಿಯಾಗಿ ಹಿಂದಕ್ಕೆ ಪಡೆದು ಸೀಸವನ್ನು ಮತ್ತೆ ಬಳಸಬೇಕೆಂದು 2001ರಲ್ಲೇ ನಿಯಮವಾಯಿತು; 2022ರಲ್ಲಿ ಹೊಸ ನಿಯಮಗಳು ಬಂದವು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡಿ. ಅದಕ್ಕೆ ಬೆಲೆಯೂ ಉಂಟು. ಕೇಳಿ, ಹೊಸದರ ಬೆಲೆಯಲ್ಲಿ ಮುರಿಸಿಕೊಳ್ಳಿ.

ರೈತ ಬಾಂಧವರೇ, ಹೇಳಿದ್ದರಲ್ಲಿ ಕಷ್ಟದ ಕೆಲಸ ಯಾವುದೂ ಇಲ್ಲ. ಒಂದು ಬಾಟಲಿ ಬ್ಯಾಟರಿ ನೀರು, ಒಂದು ಚಿಕ್ಕ ಮೀಟರು, ಒಂದು ಒಳ್ಳೆಯ ಚಾರ್ಜರು, ತಿಂಗಳಲ್ಲಿ ಒಂದು ಗಂಟೆ ಗಮನ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಬೇಡ. ನಾಳೆ ಬೆಳಗ್ಗೆಯೇ ಶೆಡ್ಡಿಗೆ ಹೋಗಿ, ಟಾರ್ಚು ಹಿಡಿದು ಆರು ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಮುಂದಿನ ಹದದ ದಿನ ನಸುಕಿನಲ್ಲಿ ಕೀಲಿ ತಿರುಗಿಸಿದಾಗ ಎಂಜಿನ್ನು ಒಂದೇ ಸಲಕ್ಕೆ ಓಗೊಡಲಿ.